ಅಗ್ಗದ ಕೌಬಾಯ್ ಚಿತ್ರಗಳನ್ನು ಅಗ್ಗವಾಗಿ ಕಾಣಬೇಡಿ

ಮಾನ್ಯ ಸಂಪಾದಕರೇ,

ಕೌಬಾಯ್ ಸಿನಿಮಾ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1960ರ ದಶಕದ ಇಟಲಿಯ ಚಿತ್ರಗಳು ಮತ್ತು ಅವುಗಳ ಸಿಳ್ಳೆ ಸಂಗೀತ. ಅದಕ್ಕೂ ಮೂವತ್ತು ವರ್ಷ ಹಿಂದೆ ಅಮೆರಿಕದಲ್ಲಿ ಐದಾರು ದಿನಗಳಲ್ಲೇ ಶೂಟಿಂಗ್ ಮುಗಿಸುತ್ತಿದ್ದ, ಒಂದು ಗಂಟೆಯೂ ತುಂಬದ ಕಪ್ಪು-ಬಿಳುಪು ಕುದುರೆ ಚಿತ್ರಗಳ ಮಾತೆತ್ತಿದರೆ “ಅದರಲ್ಲೇನಿದೆ, ಎಲ್ಲ ಒಂದೇ ಕತೆ” ಎಂಬ ಉತ್ತರ ಬರುತ್ತದೆ. ಕತೆ ಒಂದೇ ಎಂಬುದು ನಿಜ. ಆದರೆ ಕರಾವಳಿಯವರಾದ ನಾವು ಅದನ್ನೊಂದು ಕೊರತೆಯೆಂದು ಹೇಳಬಾರದು.

ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂದು ತಿಳಿದುಕೊಂಡೇ ನಾವು ಬೆಳಗಿನ ಜಾವದವರೆಗೆ ಯಕ್ಷಗಾನ ಆಟ ನೋಡುತ್ತೇವೆ. ಇವತ್ತಿನ ಕೌರವ ನೀರಿನಿಂದ ಹೇಗೆ ಎದ್ದು ಬರುತ್ತಾನೆ, ಭಾಗವತರು ಯಾವ ಪದ್ಯವನ್ನು ಎಷ್ಟು ಎಳೆದರು, ಚೆಂಡೆ ಎಲ್ಲಿ ನಿಂತಿತು ಎಂಬುದರ ಮೇಲೆ ನಮ್ಮ ಕಣ್ಣು ಕಿವಿ. ಅಗ್ಗದ ಕೌಬಾಯ್ ಚಿತ್ರದ ಪ್ರಸಂಗವೂ ಹಾಗೆ ಮೊದಲೇ ಗೊತ್ತಿರುವಂಥದ್ದು. ಒಬ್ಬ ಅಪರಿಚಿತ ಕುದುರೆ ಏರಿ ಬರುತ್ತಾನೆ. ಊರಿನಲ್ಲಿ ಯಾರದೋ ಜಮೀನು, ನೀರು ಅಥವಾ ಗಣಿ ಕೈತಪ್ಪುತ್ತಿದೆ. ಊರಿನ ಮರ್ಯಾದಸ್ಥನೇ ಕಳ್ಳರ ಯಜಮಾನ. ಬೆನ್ನಟ್ಟುವಿಕೆ, ಹೊಡೆದಾಟ, ಮುಕ್ತಾಯ. ಬಣ್ಣದ ವೇಷ ರಂಗಸ್ಥಳಕ್ಕೆ ಬಂದ ಕೂಡಲೇ ಗುರುತು ಸಿಗುವ ಹಾಗೆ ಇಲ್ಲಿಯ ಖಳನೂ ಹತ್ತು ನಿಮಿಷದೊಳಗೆ ಗೊತ್ತಾಗಿಬಿಡುತ್ತಾನೆ. ನಾಯಕನಿಗೆ ಬಿಳಿ ಟೋಪಿ, ಖಳನಿಗೆ ಕಪ್ಪು ಎಂಬ ಮಾತೊಂದು ಮಾತ್ರ ಪೂರ್ತಿ ಸರಿಯಲ್ಲ. 1935ರಿಂದ 1948ರವರೆಗೆ 66 ಚಿತ್ರಗಳಲ್ಲಿ ಹೊಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ನಾಯಕನಾಗಿದ್ದ ನಟ ವಿಲಿಯಂ ಬಾಯ್ಡ್ ತೊಟ್ಟದ್ದು ಕಪ್ಪು ಉಡುಪು, ಕಪ್ಪು ಟೋಪಿ.

ಈ ಚಿತ್ರಗಳು ಯಾಕೆ ಹೀಗಿವೆ ಎಂದು ತಿಳಿಯಲು ಮೊದಲು ಟಾಕೀಸಿನ ಲೆಕ್ಕ ತಿಳಿಯಬೇಕು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನರನ್ನು ಒಳಗೆ ಕರೆಯಲು ಅಮೆರಿಕದ ಟಾಕೀಸುಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ಮುಖ್ಯ ಚಿತ್ರಕ್ಕೆ ಕಲೆಕ್ಷನ್‌ನಲ್ಲಿ ಪಾಲು. ಜೊತೆಯ ಚಿತ್ರಕ್ಕೆ ಮೊದಲೇ ಗೊತ್ತುಪಡಿಸಿದ ಬಾಡಿಗೆ, ಅಷ್ಟೆ. ಹೌಸ್‌ಫುಲ್ ಆದರೂ ಅದೇ ಹಣ, ಕುರ್ಚಿ ಖಾಲಿ ಬಿದ್ದರೂ ಅದೇ ಹಣ. ಹಾಗಾಗಿ ನಿರ್ಮಾಪಕನಿಗೆ ಶೂಟಿಂಗ್ ಶುರುವಾಗುವ ಮೊದಲೇ ಎಷ್ಟು ಹುಟ್ಟುತ್ತದೆ ಎಂದು ತಿಳಿದಿರುತ್ತಿತ್ತು. ಒಂದು ದಿನ ಹೆಚ್ಚಾದರೆ ಅಷ್ಟೂ ನಷ್ಟ. ಕ್ಯಾಮೆರಾ ಎಲ್ಲಿಡಬೇಕು, ಯಾರು ಎಷ್ಟು ಮಾತಾಡಬೇಕು, ಖಳನ ಕಡೆ ಎಷ್ಟು ಜನ ಇರಬೇಕು ಎಂಬುದೆಲ್ಲ ಈ ಲೆಕ್ಕದಿಂದಲೇ ತೀರ್ಮಾನವಾಗುತ್ತಿತ್ತು.

ಒಂದೇ ನಟನನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1930ರಲ್ಲಿ ಜಾನ್ ವೇನ್‌ಗೆ ಮೊದಲ ನಾಯಕ ಪಾತ್ರ ಸಿಕ್ಕಿದ್ದು ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಖರ್ಚು ಮಾಡಿ 70 ಎಂ.ಎಂ.ನಲ್ಲಿ ತೆಗೆದ ದೊಡ್ಡ ಚಿತ್ರದಲ್ಲಿ. ಅದು ಸೋತಿತು. ಮುಂದಿನ ಒಂಬತ್ತು ವರ್ಷ ಅವರು ಹೆಚ್ಚಾಗಿ ಇಂಥ ಜೊತೆಚಿತ್ರಗಳಲ್ಲೇ ದುಡಿದರು. 1933ರಿಂದ 1935ರ ನಡುವೆ ಲೋನ್ ಸ್ಟಾರ್ ಎಂಬ ಬ್ಯಾನರಿನಲ್ಲಿ 16 ಚಿತ್ರ, ಒಂದೊಂದಕ್ಕೂ ಸುಮಾರು ಹತ್ತು-ಹದಿನೈದು ಸಾವಿರ ಡಾಲರು. ಸೆಕೆಂಡಿಗೆ 24 ಫ್ರೇಮ್, ಒಂದು ಅಡಿ ಫಿಲ್ಮಿಗೆ 16 ಫ್ರೇಮ್, ಅಂದರೆ ನಿಮಿಷಕ್ಕೆ 90 ಅಡಿ. 55 ನಿಮಿಷದ ಚಿತ್ರ 4,950 ಅಡಿ, ಸಾವಿರ ಅಡಿಯ ಐದು ರೀಲು. ಈ ಐದು ರೀಲನ್ನು ತುಂಬಿಸುವಾಗ ಎಲ್ಲಿ ಹಣ ಉಳಿಸಿದರು ಎಂಬುದರಲ್ಲೇ ಈ ಚಿತ್ರಗಳ ಸೊಗಸು ಇದೆ ಎನ್ನುವುದು ನನ್ನ ವಾದ.

ಒಳಾಂಗಣಕ್ಕೆ ಬಡಗಿ ಬೇಕು, ಲೈಟು ಬೇಕು, ಲೈಟು ಹೊರುವವರು ಬೇಕು. ಬಿಸಿಲಿಗೆ ಬಾಡಿಗೆ ಇಲ್ಲ. ಹಾಗಾಗಿ ಬಡತನ ಅವರನ್ನು ಬಯಲಿಗೆ ದಬ್ಬಿತು. ಲಾಸ್ ಏಂಜಲೀಸ್ ಪಕ್ಕದ ಚಾಟ್ಸ್‌ವರ್ತ್‌ನ ಐವರ್‌ಸನ್ ರ್‍ಯಾಂಚ್, ಪ್ಲಾಸೆರಿಟಾ ಕಣಿವೆ, ಗ್ರಿಫಿತ್ ಪಾರ್ಕಿನೊಳಗಿನ ಬ್ರಾನ್ಸನ್ ಗುಹೆ ಎಲ್ಲವೂ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದ ದೂರದಲ್ಲಿದ್ದವು, ಊಟ-ವಸತಿಯ ಖರ್ಚಿಲ್ಲ. ಒಂದೇ ಬಂಡೆಯನ್ನು ಮೂರು ಕಡೆಯಿಂದ ತೆಗೆದು ಮೂರು ಊರು ಮಾಡುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರು ದೂರದ ಲೋನ್ ಪೈನ್ ಊರಿನ ಅಲಬಾಮಾ ಬೆಟ್ಟಗಳಿಗೆ ಹೋಗಿ ತಂಗುತ್ತಿದ್ದರು. ಅಲ್ಲಿ ಗುಂಡುಬಂಡೆಗಳ ಹಿಂದೆಯೇ ಹಿಮದ ಪರ್ವತ ಕಾಣುತ್ತದೆ. ಅದೇ ಕಾಲದ ದುಬಾರಿ ಚಿತ್ರಗಳ ಎಷ್ಟೋ ಅರಮನೆ ಸೆಟ್ಟುಗಳು ಇಂದು ರಟ್ಟಿನ ಹಾಗೆ ಕಾಣುತ್ತವೆ. ಈ ಬಡ ಚಿತ್ರಗಳ ಧೂಳು, ನೆರಳು, ಬೆವರಿದ ಕುದುರೆಯ ಕುತ್ತಿಗೆ ನಿನ್ನೆ ತೆಗೆದ ಹಾಗಿವೆ. ಲೋನ್ ಸ್ಟಾರ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಆರ್ಚೀ ಸ್ಟೌಟ್ ಮುಂದೆ 1952ರ ಒಂದು ಚಿತ್ರದ ಛಾಯಾಗ್ರಹಣಕ್ಕೆ ಆಸ್ಕರ್ ಪಡೆದವರ ಪೈಕಿ ಒಬ್ಬರು ಎಂಬುದನ್ನೂ ಇಲ್ಲಿ ಹೇಳಬೇಕು.

ಬಿಸಿಲು ಪುಕ್ಕಟೆಯಾದರೂ ಸುಲಭವಲ್ಲ. ನೆತ್ತಿಯ ಮೇಲಿನ ಸೂರ್ಯನಿಂದ ಅಗಲ ಟೋಪಿಯ ನೆರಳು ಕಣ್ಣಿನ ಮೇಲೆಯೇ ಬೀಳುತ್ತದೆ. ಅದಕ್ಕೆ ಬೆಳ್ಳಿ ಹಾಳೆ ಅಂಟಿಸಿದ ರಿಫ್ಲೆಕ್ಟರ್ ಹಲಗೆಯನ್ನು ತಗ್ಗಿನಲ್ಲಿ ಎದುರಿಗೆ ಹಿಡಿಯಬೇಕು. ಆಗ ನಟ ಕಣ್ಣು ಕಿವುಚುತ್ತಾನೆ. ಗಾಳಿಗೆ ಹಲಗೆ ಅಲುಗಿದರೆ ಮುಖದ ಮೇಲಿನ ಬೆಳಕೂ ಅಲುಗುತ್ತದೆ. ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆಯುತ್ತಿದ್ದರು. ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಇಟ್ಟರೆ ನೀಲಿ ಆಕಾಶ ಕಪ್ಪಾಗುತ್ತದೆ, ಬೆಳಕನ್ನು ಇನ್ನಷ್ಟು ತಗ್ಗಿಸಿದರೆ ಬಿಸಿಲಿನ ಗಟ್ಟಿ ನೆರಳೇ ಬೆಳದಿಂಗಳಾಗುತ್ತದೆ. ಇದು ಕೆಡುವುದು ಎರಡು ಕಡೆ. ಆಕಾಶದಲ್ಲಿ ಮಂಜು ಅಥವಾ ಬಿಳಿ ಮೋಡವಿದ್ದರೆ ಫಿಲ್ಟರಿಗೆ ತಡೆಯಲು ನೀಲಿಯೇ ಸಿಗುವುದಿಲ್ಲ, ಆಕಾಶ ಬೆಳ್ಳಗೇ ಉಳಿಯುತ್ತದೆ. ಎರಡನೆಯದು, ಕಿಟಕಿಯೊಳಗಿನ ದೀಪ ಬಿಸಿಲಿನ ಮುಂದೆ ಕಾಣುವುದೇ ಇಲ್ಲ. ಅದಕ್ಕೇ ಜಾಣರು ಆಕಾಶವನ್ನೂ ಕಿಟಕಿಯನ್ನೂ ಫ್ರೇಮಿನಿಂದ ಹೊರಗಿಟ್ಟು ಇಳಿಜಾರಿನಲ್ಲಿ ಬಂಡೆಗಳ ನಡುವೆ ಕುದುರೆ ಓಡಿಸುತ್ತಿದ್ದರು.

ಮಾತು ಕಡಿಮೆ ಇರುವುದಕ್ಕೂ ಕಾರಣವಿದೆ. ಆಗಿನ ಮೈಕು ಬಯಲಿನ ಗಾಳಿಯನ್ನೆಲ್ಲ ಹಿಡಿಯುತ್ತಿತ್ತು. ಮಾತು ತಪ್ಪಿದರೆ ಇನ್ನೊಂದು ಟೇಕ್, ಅಂದರೆ ಇನ್ನಷ್ಟು ಅಡಿ ಫಿಲ್ಮು. ಹಾಗಾಗಿ ಕತೆಯನ್ನು ಕಣ್ಣಿಗೇ ಹೇಳಬೇಕಾಯಿತು. 1934ರ ‘ರ್‍ಯಾಂಡಿ ರೈಡ್ಸ್ ಅಲೋನ್’ ಚಿತ್ರದ ಆರಂಭವನ್ನು ಸಿನಿಮಾ ಕಲಿಯುವ ಪ್ರತಿ ವಿದ್ಯಾರ್ಥಿಯೂ ನೋಡಬೇಕು. ಒಬ್ಬನೇ ಸವಾರ ಬಯಲಿನಲ್ಲಿ ಬರುತ್ತಾನೆ. ದಾರಿಬದಿಯ ಹೋಟೆಲಿನಿಂದ ಪಿಯಾನೊ ಕೇಳಿಸುತ್ತದೆ. ಬಾಗಿಲು ತಳ್ಳಿ ಒಳಗೆ ಹೋದರೆ ಎಲ್ಲರೂ ಸತ್ತು ಬಿದ್ದಿದ್ದಾರೆ, ನುಡಿಯುತ್ತಿರುವುದು ತಾನಾಗಿ ನುಡಿಯುವ ಯಂತ್ರದ ಪಿಯಾನೊ. ಗೋಡೆಯ ಚಿತ್ರಪಟದ ಕಣ್ಣಿನ ತೂತಿನಿಂದ ಯಾರೋ ನೋಡುತ್ತಿದ್ದಾರೆ. ಒಂದು ಕೋಣೆ, ಬೋರಲಾಗಿ ಬಿದ್ದ ಕೆಲವು ಮಂದಿ, ಒಂದು ಪಿಯಾನೊ. ಖರ್ಚು ಅಷ್ಟೇ. ಮಾತಿಲ್ಲ, ಹಿನ್ನೆಲೆ ವಾದ್ಯವೃಂದವಿಲ್ಲ. ಇದು ಸೇರಿದ ಲೋನ್ ಸ್ಟಾರ್ ಸರಣಿಯ ಚಿತ್ರಗಳಲ್ಲಿ ಟೈಟಲ್ ಬಿಟ್ಟರೆ ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆನ್ನಟ್ಟುವಾಗ ಕೇಳುವುದು ಗೊರಸಿನ ಸದ್ದು ಮಾತ್ರ, ಅದೇ ಅಲ್ಲಿಯ ಚೆಂಡೆ. ವಿಡಿಯೊ ಕಂಪನಿಗಳು ಎಷ್ಟೋ ಕಾಲದ ಮೇಲೆ ಇವುಗಳಿಗೆ ಸಿಂಥಸೈಸರ್ ಸಂಗೀತ ತುಂಬಿಸಿ ಮಾರಿದವು. ಆ ಪ್ರಿಂಟನ್ನು ನೋಡಿ ಚಿತ್ರವೇ ಕೆಟ್ಟದೆಂದು ತೀರ್ಮಾನಿಸಿದವರು ಬಹಳ.

ಹೊಡೆದಾಟದ ಕಲೆ ಹುಟ್ಟಿದ್ದೂ ಇಲ್ಲಿಯೇ. ಮೊದಲು ನಟರು ಒಬ್ಬರ ಭುಜಕ್ಕೊಬ್ಬರು ನಿಜವಾಗಿ ಗುದ್ದಿಕೊಳ್ಳುತ್ತಿದ್ದರು. ನೋಡಲು ಸಪ್ಪೆ, ಮೈಗೆ ನೋವು. ಜಾನ್ ವೇನ್, ಸ್ಟಂಟ್ ಮಾಡುತ್ತಿದ್ದ ಯಾಕಿಮಾ ಕನಟ್, ನಿರ್ದೇಶಕ ರಾಬರ್ಟ್ ಬ್ರ್ಯಾಡ್‌ಬರಿ ಸೇರಿ ಇದಕ್ಕೊಂದು ಹದ ಕಂಡುಕೊಂಡರು. ಕ್ಯಾಮೆರಾ ಒಬ್ಬನ ಬೆನ್ನ ಹಿಂದೆ, ಹೆಗಲ ಮೇಲಿನಿಂದ ನೋಡುವ ಹಾಗೆ ಇರಬೇಕು. ಮುಷ್ಟಿ ಎದುರಿನವನ ಮುಖದ ಮುಂದಿನಿಂದ ಅರ್ಧ ಅಡಿ ಅಂತರದಲ್ಲಿ ಅಡ್ಡಕ್ಕೆ ಹಾದುಹೋಗಬೇಕು. ಪರದೆಗೆ ಆಳವಿಲ್ಲ, ಆದ್ದರಿಂದ ಆ ಅಂತರ ಕಾಣುವುದಿಲ್ಲ. ಮುಷ್ಟಿ ಹಾದುಹೋದ ಕ್ಷಣದಲ್ಲೇ ಏಟು ತಿಂದವನು ಕತ್ತು ತಿರುಗಿಸಬೇಕು. ಮೊದಲೇ ತಿರುಗಿಸಿದರೂ ತಡವಾದರೂ ಗುಟ್ಟು ಬಯಲು. ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದರಂತೂ ಅಂತರವೇ ಎದ್ದು ಕಾಣುತ್ತದೆ. ಇಂದಿಗೂ ನಮ್ಮ ಕನ್ನಡ, ತುಳು ಚಿತ್ರಗಳ ಫೈಟು ನಿಂತಿರುವುದು ಇದೇ ಲೆಕ್ಕದ ಮೇಲೆ. ಈ ಕನಟ್ ಅವರೇ ಮುಂದೆ 1959ರ ‘ಬೆನ್ ಹರ್’ ಚಿತ್ರದ ರಥದ ಓಟವನ್ನು ಸಜ್ಜುಗೊಳಿಸಿದವರು.

ಓಟಕ್ಕೆ ವೇಗ ಬರುತ್ತಿದ್ದುದು ಕ್ಯಾಮೆರಾದಿಂದ. ಸೆಕೆಂಡಿಗೆ 20 ಫ್ರೇಮ್ ತೆಗೆದು 24ರಲ್ಲಿ ತೋರಿಸಿದರೆ ಕುದುರೆ ಐದನೇ ಒಂದು ಪಾಲು ವೇಗವಾಗಿ ಓಡಿದ ಹಾಗೆ ಕಾಣುತ್ತದೆ. 16ಕ್ಕೆ ಇಳಿಸಿದರೆ ಕುದುರೆ ಕುಣಿದ ಹಾಗೆ ಆಗುತ್ತದೆ, ಧೂಳು ಅಸಹಜವಾಗಿ ಬೇಗ ಕೆಳಗಿಳಿಯುತ್ತದೆ. ಧೂಳನ್ನು ನೋಡಿಯೇ ಈ ಕೈಚಳಕವನ್ನು ಹಿಡಿಯಬಹುದು. ರಿಪಬ್ಲಿಕ್ ಕಂಪನಿಯಲ್ಲಿ ಮಾದರಿಗಳನ್ನು ಮಾಡುತ್ತಿದ್ದ ಲೈಡೆಕರ್ ಸೋದರರು ಇದರ ತಿರುಗುಮುರುಗು ಮಾಡಿದರು. ಸ್ಫೋಟಿಸುವ ಕಟ್ಟಡದ ಮಾದರಿಯನ್ನು ದೊಡ್ಡದಾಗಿಯೇ ಕಟ್ಟಿ, ಹೊರಗೆ ಬಿಸಿಲಿನಲ್ಲಿಟ್ಟು, ಹೆಚ್ಚು ಫ್ರೇಮಿನಲ್ಲಿ ತೆಗೆದು ನಿಧಾನ ಮಾಡಿ ತೋರಿಸಿದರು. ಮಾದರಿಯನ್ನು ಎಷ್ಟು ಕಿರಿದು ಮಾಡಿದರೂ ಬೆಂಕಿಯ ನಾಲಗೆ, ನೀರಿನ ಹನಿ ಕಿರಿದಾಗುವುದಿಲ್ಲ. ಪುಟ್ಟ ಮಾದರಿಗಳು ಆಟಿಕೆಯಂತೆ ಕಾಣುವುದು ಇದರಿಂದಲೇ.

ಬಂದೂಕಿನಲ್ಲೂ ಉಳಿತಾಯವಿತ್ತು. ‘ಒಂದರಲ್ಲಿ ಐದು’ ಎಂಬ ಅರ್ಥದ ಹೆಸರಿನ ಒಂದೇ ಬಗೆಯ ಹುಸಿ ತೋಟಾ ಐದು ಬಗೆಯ ಬಂದೂಕು-ಪಿಸ್ತೂಲುಗಳಿಗೆ ಹೊಂದುತ್ತಿತ್ತು. ಬಯಲಿನಲ್ಲಿ ತೋಟಾ ಬೆರಕೆಯಾಗಿ ಕೆಲಸ ನಿಲ್ಲುವ ಭಯವಿಲ್ಲ. 1870ರ ಕತೆಯಲ್ಲೂ ಎಲ್ಲರ ಕೈಯಲ್ಲಿ 1892ರ ಮಾದರಿಯ ವಿಂಚೆಸ್ಟರ್ ಇರುವುದಕ್ಕೆ ಇದೂ ಒಂದು ಕಾರಣ. ಹಳೆಯ ಶಾಟುಗಳನ್ನು ಮರುಬಳಕೆ ಮಾಡುವುದು ಮತ್ತೊಂದು ದಾರಿ. 1932-33ರಲ್ಲಿ ವಾರ್ನರ್ ಕಂಪನಿಗೆ ವೇನ್ ನಟಿಸಿದ ಆರು ಚಿತ್ರಗಳಲ್ಲಿ ಕೆನ್ ಮೇನಾರ್ಡ್ ಅವರ ಮೂಕಿ ಚಿತ್ರಗಳ ಸಾಹಸದೃಶ್ಯಗಳನ್ನು ಸೇರಿಸಿದ್ದಾರೆ. ಜೋಡಣೆ ಗೊತ್ತಾಗಬಾರದೆಂದು ಮೇನಾರ್ಡ್‌ರ ಕುದುರೆಯನ್ನು ಹೋಲುವ ಬಿಳಿ ಕುದುರೆಯನ್ನೇ ವೇನ್‌ಗೆ ಕೊಟ್ಟರು. ದೂರದ ಶಾಟಿನಲ್ಲಿ ಓಟ ಇದ್ದಕ್ಕಿದ್ದಂತೆ ಚುರುಕಾದರೆ ಅದು ಮೂಕಿ ಕಾಲದ ತುಣುಕು ಎಂದು ತಿಳಿಯಬಹುದು.

ಮೆಚ್ಚುವವರು ಮುಚ್ಚಿಡಬಾರದ ಸಂಗತಿಗಳೂ ಇವೆ. ಕುದುರೆ ಮುಗ್ಗರಿಸುವ ದೃಶ್ಯಗಳಲ್ಲಿ ಅದರ ಮುಂಗಾಲುಗಳಿಗೆ ತಂತಿ ಕಟ್ಟಿ, ಹೊಟ್ಟೆಪಟ್ಟಿಯ ಬಳೆಯ ಮೂಲಕ ಹಾಯಿಸಿ, ಇನ್ನೊಂದು ತುದಿಯನ್ನು ನೆಲದಲ್ಲಿ ಹೂತ ಗೂಟಕ್ಕೆ ಬಿಗಿಯುತ್ತಿದ್ದರು. ಪೂರ್ತಿ ವೇಗದಲ್ಲಿ ಓಡುವಾಗ ತಂತಿ ಮುಗಿದು ಕಾಲು ಎಳೆದು ಬೀಳುತ್ತಿತ್ತು. ಎಷ್ಟೋ ಕುದುರೆಗಳು ಸತ್ತವು. 1939ರಲ್ಲಿ ತೆರೆಗೆ ಬಂದ ದೊಡ್ಡ ಕಂಪನಿಯೊಂದರ ಚಿತ್ರಕ್ಕಾಗಿ ಕುದುರೆಯೊಂದನ್ನು ಕಡಿದಾದ ಬಂಡೆಯಿಂದ ಬೀಳಿಸಿ ಕೊಂದ ಮೇಲೆ ಪ್ರತಿಭಟನೆ ಎದ್ದು, 1940ರಿಂದ ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ ಶೂಟಿಂಗ್‌ಗಳ ಮೇಲೆ ಕಣ್ಣಿಡತೊಡಗಿತು. ಕಂಬಳದ ಕೋಣಗಳ ಬಗ್ಗೆ ಇಷ್ಟು ಚರ್ಚೆ ಮಾಡಿರುವ ನಾವು ಇದನ್ನು ತಿಳಿದೇ ಆ ದೃಶ್ಯಗಳನ್ನು ನೋಡಬೇಕು. ಮೂಲನಿವಾಸಿಗಳ ಪಾತ್ರವನ್ನು ಬಿಳಿಯರೇ ಬಣ್ಣ ಬಳಿದು ಮಾಡಿದ್ದು, ಅವರನ್ನು ಗುಂಪಾಗಿ ಕೂಗುವವರಂತೆ ಮಾತ್ರ ತೋರಿಸಿದ್ದು ನೋವಿನ ವಿಷಯ. 1930ರ ದಶಕದ ಅಗ್ಗದ ಚಿತ್ರಗಳಲ್ಲಿ ಅಂಥ ದಾಳಿಗಿಂತ ಸಾಲಗಾರರನ್ನು ಹಿಂಡುವ ಬ್ಯಾಂಕಿನವನು, ವಕೀಲ, ಜಮೀನು ನುಂಗುವವನು ಹೆಚ್ಚಾಗಿ ಖಳರಾಗುತ್ತಾರೆ. ಆರ್ಥಿಕ ಕುಸಿತದಲ್ಲಿ ಹೊಲ ಕಳಕೊಂಡ ಪ್ರೇಕ್ಷಕನಿಗೆ ಅವರ ಗುರುತಿತ್ತು, ಗುಂಪಿಗೆ ಕೂಲಿ ಕೊಡುವ ಖರ್ಚೂ ಉಳಿಯಿತು. 1933ರ ‘ರೈಡರ್ಸ್ ಆಫ್ ಡೆಸ್ಟಿನಿ’ಯಲ್ಲಿ ಖಳ ಹಿಡಿದಿಟ್ಟಿರುವುದು ಊರಿನ ನೀರನ್ನು. ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರಿನ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ನೋಡುವ ಮಂಗಳೂರಿನವರಿಗೆ ಆ ಕತೆ ವಿವರಿಸಬೇಕಾಗಿಲ್ಲ. ಕಪ್ಪು ಜನರೇ ನಟಿಸಿದ ಕೌಬಾಯ್ ಚಿತ್ರಗಳೂ ಬಂದವು. ಹರ್ಬ್ ಜೆಫ್ರೀಸ್ ಅವರ ಮೊದಲ ಹಾಡುವ ಕೌಬಾಯ್ ಚಿತ್ರ 1937ರದ್ದು.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣ, ಉಡುಪಿ-ಮಂಗಳೂರಿನಲ್ಲಿ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು. ಬಜೆಟ್ ಇಲ್ಲ ಎಂದು ಕೋಣೆಯೊಳಗೆ ಎರಡು ಪಾತ್ರಗಳ ಮಾತಿನ ಚಿತ್ರ ಮಾಡುವುದು ರೂಢಿಯಾಗಿದೆ. ಕೋಣೆಯೇ ದುಬಾರಿ, ಬಯಲು ಅಗ್ಗ. ನಮ್ಮಲ್ಲಿ ಮುರಕಲ್ಲಿನ ಪದವುಗಳಿವೆ, ಕೆಲಸ ನಿಂತ ಕಲ್ಲಿನ ಕೋರೆಗಳಿವೆ. ಕಪ್ಪು-ಬಿಳುಪಿನಲ್ಲಿ ಮಾಡುವವರು ಗಮನಿಸಬೇಕಾದ್ದು: ಕೆಂಪು ಫಿಲ್ಟರಿನಲ್ಲಿ ನಮ್ಮ ಕೆಂಪು ನೆಲ ಬೆಳ್ಳಗಾಗುತ್ತದೆ, ಹಸಿರು ಗಾಢವಾಗುತ್ತದೆ. ಮೊಬೈಲಿನಲ್ಲಾದರೆ ಬಣ್ಣದಲ್ಲೇ ತೆಗೆದು, ಕಪ್ಪು-ಬಿಳುಪಿಗೆ ತಿರುಗಿಸುವಾಗ ನೀಲಿಯನ್ನು ತಗ್ಗಿಸಿದರೆ ಇದೇ ಫಲ ಸಿಗುತ್ತದೆ. ಮಳೆ ಬಿಟ್ಟ ಮೇಲಿನ ಅಕ್ಟೋಬರ್-ನವೆಂಬರಿನ ತೊಳೆದ ಆಕಾಶ ಇದಕ್ಕೆ ಒಳ್ಳೆಯದು. ಮಾರ್ಚ್-ಏಪ್ರಿಲಿನಲ್ಲಿ ಕಡಲಿನ ತೇವಕ್ಕೆ ಆಕಾಶ ಬೆಳ್ಳಗೆ ಮಾಸಿರುತ್ತದೆ, ಎಷ್ಟು ತಿದ್ದಿದರೂ ಕಪ್ಪಾಗುವುದಿಲ್ಲ, ಬದಲಿಗೆ ಕಾಳುಕಾಳಾಗುತ್ತದೆ. ಒಂದು ಜಾಗದ ಎಲ್ಲ ದೃಶ್ಯಗಳನ್ನೂ, ಕತೆಯ ಆರಂಭದ್ದಿರಲಿ ಕೊನೆಯದ್ದಿರಲಿ, ಒಂದೇ ದಿನ ಮುಗಿಸಿ. ಉಡುಪು ಬದಲಾಗದಿದ್ದರೆ ಇದು ಸಲೀಸು. ಆ ನಾಯಕರು ಇಡೀ ಚಿತ್ರದಲ್ಲಿ ಒಂದೇ ಅಂಗಿ ತೊಟ್ಟದ್ದು ಅದಕ್ಕೇ.

ಕಾಲೇಜು, ಗ್ರಂಥಾಲಯ, ಯುವಕ ಮಂಡಲಗಳು ಇವನ್ನು ತೋರಿಸಲು ಹಕ್ಕಿನ ತೊಡಕು ಹೆಚ್ಚಿಲ್ಲ. ನಮ್ಮ ಕಾನೂನಿನಂತೆ ಸಿನಿಮಾದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1934ರ ಚಿತ್ರದ ಅವಧಿ 1994ಕ್ಕೇ ಮುಗಿದಿದೆ. ಹೊಸದಾಗಿ ಸೇರಿಸಿದ ಸಂಗೀತ, ಬಣ್ಣಕ್ಕೆ ಬೇರೆ ಹಕ್ಕು ಇರಬಹುದು, ಆದ್ದರಿಂದ ಮೂಲ ಕಪ್ಪು-ಬಿಳುಪು ಪ್ರಿಂಟನ್ನೇ ಆರಿಸಬೇಕು. ಪರದೆ ಹೆಚ್ಚುಕಡಿಮೆ ಚೌಕವಾಗಿರಬೇಕು. ಟಿ.ವಿ. ಅಥವಾ ಪ್ರೊಜೆಕ್ಟರಿನಲ್ಲಿ ಅಗಲಕ್ಕೆ ಎಳೆಯುವ ಆಯ್ಕೆಯನ್ನು ತೆಗೆದು, ಎರಡೂ ಬದಿಯ ಕಪ್ಪು ಪಟ್ಟಿಯನ್ನು ಹಾಗೆಯೇ ಬಿಡಿ. ಎಳೆದರೆ ಕುದುರೆ ಹಂದಿಯಂತೆ ಗಿಡ್ಡವಾಗುತ್ತದೆ. ಚಲನೆಯನ್ನು ನಯಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಬಂದ್ ಮಾಡಿ. ಧ್ವನಿಗೆ ಪರದೆಯ ಬಳಿ ಒಂದೇ ಸ್ಪೀಕರ್ ಸಾಕು. ಸಭಾಂಗಣದ ನಾಲ್ಕು ಮೂಲೆಯಿಂದ ಬಿಟ್ಟರೆ ಹಳೆಯ ಧ್ವನಿಪಟ್ಟಿಯ ಸುಯ್ಯೆನ್ನುವ ಸದ್ದು ಮಾತನ್ನು ನುಂಗುತ್ತದೆ. ಕತೆಯ ಸಾರವನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಹಂಚಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ತಮ್ಮ ಪತ್ರಿಕೆಯ ವಾರಾಂತ್ಯದ ಸಿನಿಮಾ ಪುಟದಲ್ಲಿ ತಿಂಗಳಿಗೊಂದು ಇಂಥ ಚಿತ್ರದ ಪರಿಚಯ ಬಂದರೆ ಆ ಅರ್ಧ ಪುಟವೂ ಸಿದ್ಧವಾಗಿ ಸಿಕ್ಕಂತಾಗುತ್ತದೆ. ದಯವಿಟ್ಟು ಯೋಚಿಸಬೇಕು.

ಮೊದಲ ಪ್ರದರ್ಶನಕ್ಕೆ ಎಡ್ವಿನ್ ಪೋರ್ಟರ್ 1903ರಲ್ಲಿ ಮಾಡಿದ ‘ದಿ ಗ್ರೇಟ್ ಟ್ರೈನ್ ರಾಬರಿ’ಯನ್ನು ಆರಿಸಬಹುದು. ಅದರ ಉದ್ದ 740 ಅಡಿ. ಸೆಕೆಂಡಿಗೆ 16 ಫ್ರೇಮಿನಲ್ಲಿ ಹನ್ನೆರಡು ನಿಮಿಷ ಓಡಬೇಕು. ನಿಮಗೆ ಸಿಕ್ಕ ಪ್ರತಿ ಎಂಟು ನಿಮಿಷಕ್ಕೇ ಮುಗಿದರೆ ಅದನ್ನು 24ರಲ್ಲಿ ಓಡಿಸಿದ್ದಾರೆಂದು ತಿಳಿದು ಬೇರೆ ಪ್ರತಿ ಹುಡುಕಬೇಕು. ದರೋಡೆಕೋರ ನೇರ ಪ್ರೇಕ್ಷಕರ ಕಡೆಗೇ ಗುಂಡು ಹಾರಿಸುವ ಶಾಟನ್ನು ಆರಂಭದಲ್ಲಾದರೂ ಕೊನೆಯಲ್ಲಾದರೂ ಹಾಕಬಹುದೆಂದು ಚಿತ್ರ ತಯಾರಿಸಿದ ಎಡಿಸನ್ ಕಂಪನಿ ಟಾಕೀಸಿನವರಿಗೇ ಬಿಟ್ಟಿತ್ತು; ಕೊನೆಯಲ್ಲಿರುವ ಪ್ರತಿಯೇ ನನ್ನ ಆಯ್ಕೆ. ಐದು ನಿಮಿಷ ಬಿಟ್ಟು ‘ರ್‍ಯಾಂಡಿ ರೈಡ್ಸ್ ಅಲೋನ್’. ಸಂಜೆ ಆರಕ್ಕೆ ಶುರು ಮಾಡಿದರೆ ಏಳೂಕಾಲರ ಹೊತ್ತಿಗೆ ಎರಡೂ ಮುಗಿಯುತ್ತವೆ, ದೂರದ ಊರಿನ ಮಕ್ಕಳಿಗೂ ಬಸ್ಸು ಸಿಗುತ್ತದೆ.

— ಹಳೆಯ ಚಿತ್ರಗಳ ಒಬ್ಬ ಪ್ರೇಕ್ಷಕ, ಕದ್ರಿ, ಮಂಗಳೂರು